ಮೊದಲನೆಯವಳ ಅಳತೆ

ಮಾರ್ಚ್ ೪, ಸೋಮವಾರ

ಈ ಡೈರಿ ತಂಗಿ ಕೊಟ್ಟದ್ದು. "ಅಕ್ಕಾ, ದಿನಾ ನನ್ನ ತಲೆ ತಿನ್ನೋ ಬದ್ಲು ಇದ್ರಲ್ಲಿ ಬರಿ" ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಇಡೀ ದಿನ ರೋಗಿಗಳ ಗೋಳು ಕೇಳಿ ಬಂದವಳಿಗೆ ಸಂಜೆ ನನ್ನದನ್ನೂ ಕೇಳು ಎಂದರೆ ಯಾರಿಗಾದರೂ ಸಾಕಾಗುತ್ತದೆ. ಸರಿ, ಬರೆಯುತ್ತೇನೆ. ಕಾಗದವಾದರೆ ಆಕಳಿಸುವುದಿಲ್ಲ.

ಇವತ್ತು ಎರಡು ಕೋರ್ಟು. ಬೆಳಿಗ್ಗೆ ಕೌಟುಂಬಿಕ ನ್ಯಾಯಾಲಯ. ಅಲ್ಲಿ ನಾನು ಅರ್ಜಿದಾರಳು, ಅವನು ಎದುರುದಾರ. ಮಧ್ಯಾಹ್ನ ರಸ್ತೆ ದಾಟಿದರೆ ಸಿವಿಲ್ ಕೋರ್ಟು. ಅಲ್ಲಿ ಅವನು ವಾದಿ, ನಾನು ಪ್ರತಿವಾದಿ. ನಡುವಿನ ಬಿಡುವಿನಲ್ಲಿ ಒಂದೇ ಕ್ಯಾಂಟೀನಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಚಹಾ ಕುಡಿದೆವು. ಅಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಏನು ಎಂದು ಯಾರೂ ಹೇಳಿಕೊಟ್ಟಿಲ್ಲ. ಹದಿನೆಂಟು ವರ್ಷ 'ಇವರು' ಎಂದ ಬಾಯಿಗೆ 'ಅವನು' ಇನ್ನೂ ಒಗ್ಗಿಲ್ಲ. ಆದರೂ ಇಲ್ಲಿ ಹಾಗೇ ಬರೆಯುವುದು ಎಂದು ತೀರ್ಮಾನ ಮಾಡಿದ್ದೇನೆ. ಅವನು, ಅವನು, ಅವನು. ಹಾಯೆನಿಸಿತು.

ನಮ್ಮದು ಬಟ್ಟೆ ಅಂಗಡಿಗಳಿಗೆ ಗೊಂಬೆ ಮಾಡಿಕೊಡುವ ಕಸುಬು. ಗಾಜಿನ ಹಿಂದೆ ಹೊಸ ಉಡುಪು ತೊಟ್ಟು ನಿಂತಿರುತ್ತವಲ್ಲ, ಆಳೆತ್ತರದವು, ಅವು. ಮೈ ಅವನ ಪಾಲಿಗೆ, ಮುಖ ನನ್ನ ಪಾಲಿಗೆ. ಅವನು ಹಿತ್ತಲ ಶೆಡ್ಡಿನಲ್ಲಿ ಅಚ್ಚಿಗೆ ಫೈಬರ್ ಹಾಕಿ ಮೈ ತೆಗೆಯುತ್ತಿದ್ದ. ನಾನು ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು ತಲೆಗಳಿಗೆ ಕಣ್ಣು, ಹುಬ್ಬು, ತುಟಿ ಬರೆಯುತ್ತಿದ್ದೆ. ತಲೆಗಳು ಬುಟ್ಟಿಯಲ್ಲಿ ಬರುತ್ತಿದ್ದವು, ಬುಟ್ಟಿಯಲ್ಲೇ ಹೋಗುತ್ತಿದ್ದವು. ಶೆಡ್ಡಿನ ಧೂಳು ನನಗೆ ಆಗುವುದಿಲ್ಲ, ಕೆಮ್ಮು ಹತ್ತುತ್ತದೆ. ಹಾಗಾಗಿ ಮೈಗಳನ್ನು ನಾನು ಸರಿಯಾಗಿ ಕಂಡವಳೇ ಅಲ್ಲ.

ನಮ್ಮ ಹೆಂಗಸು ಗೊಂಬೆಗಳೆಲ್ಲ ಒಂದೇ ಅಚ್ಚಿನವು. ಆ ಅಚ್ಚು ತೆಗೆದದ್ದು ನನ್ನ ಮೈಯಿಂದ. ಮದುವೆಯಾದ ಹೊಸದು, ಮಾಡೆಲ್ ಕರೆಸುವಷ್ಟು ಗತಿ ಇರಲಿಲ್ಲ. ನನ್ನನ್ನೇ ನಿಲ್ಲಿಸಿ ಕತ್ತಿನಿಂದ ಕಾಲಿನವರೆಗೆ ಪ್ಲಾಸ್ಟರ್ ಬಳಿದ. ಅದು ಮೊದಲು ತಣ್ಣಗಿರುತ್ತದೆ, ಆಮೇಲೆ ಬಿಸಿಯಾಗುತ್ತದೆ. ಮೂಗು ತುರಿಸುತ್ತಿತ್ತು. "ಅಲುಗಾಡ್ಬೇಡ, ಇನ್ನು ಸ್ವಲ್ಪ ಹೊತ್ತು" ಎನ್ನುತ್ತಲೇ ಇದ್ದ. ನಾನು ನಗು ನುಂಗಿಕೊಂಡು ನಿಂತೆ. ಆ ಅಚ್ಚಿಗೆ 'ಮೊದಲನೆಯವಳು' ಎಂದು ಹೆಸರಿಟ್ಟೆವು. ಹಾಗಾದರೆ ನಾನು ಎರಡನೆಯವಳೇ ಎಂದು ಅವನನ್ನು ಛೇಡಿಸುತ್ತಿದ್ದೆ. ಆಗ ಅದು ತಮಾಷೆ.

ಈಗ ಆ ಅಚ್ಚಿಗೆ ಜಗ್ಗಾಟ. ಕೌಟುಂಬಿಕ ನ್ಯಾಯಾಲಯದಲ್ಲಿ ಅದನ್ನು ನನ್ನ ಸ್ವಂತದ ಸಾಮಾನು ಎಂದು ಬಟ್ಟೆ, ಬಾಚಣಿಗೆಗಳ ಜೊತೆ ಕೇಳಿದ್ದೇನೆ. ಸಿವಿಲ್ ಕೋರ್ಟಿನಲ್ಲಿ ಅದನ್ನೇ ಅವನು ಕಾರ್ಖಾನೆಯ ಸಲಕರಣೆ ಎಂದು ಕಂಪ್ರೆಸರ್, ಡ್ರಿಲ್ಲುಗಳ ಜೊತೆ ಕೇಳಿದ್ದಾನೆ. ತೀರ್ಮಾನವಾಗುವ ತನಕ ಶೆಡ್ಡಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ. ಅವನು ಅವನ ಅಣ್ಣನ ಮನೆಯಲ್ಲಿದ್ದಾನೆ. ಮನೆ ಬೇಕಾದರೆ ಹೋಗಲಿ, ಬಾಡಿಗೆಗೆ ಇದ್ದೇನು. ನನ್ನ ಮೈಯನ್ನು ಅವನ ಕೈಯಲ್ಲಿ ಬಿಟ್ಟು ಹೋಗಲಾರೆ.

ಮಾರ್ಚ್ ೯, ಶನಿವಾರ

ಪೇಟೆ ಬೀದಿಯಲ್ಲಿ ನಡೆದುಬಂದೆ. ಇಷ್ಟು ವರ್ಷ ಆ ಗಾಜುಗಳ ಕಡೆ ನೋಡಿದಾಗಲೆಲ್ಲ ನನ್ನ ಕಣ್ಣು ಮುಖಗಳಿಗೇ ಹೋಗುತ್ತಿತ್ತು: ಈ ರೆಪ್ಪೆ ಚೆನ್ನಾಗಿ ಬಂದಿದೆ, ಆ ತುಟಿಗೆ ಬಣ್ಣ ಜಾಸ್ತಿಯಾಯಿತು. ಇವತ್ತು ಮೊದಲ ಸಲ ಕುತ್ತಿಗೆಯಿಂದ ಕೆಳಗೆ ನೋಡಿದೆ. ಮಳೆಕೋಟು ತೊಟ್ಟ ನಾನು. ಮದುವೆ ಗೌನು ತೊಟ್ಟ ನಾನು. ಔಷಧಿ ಅಂಗಡಿಯ ಪಕ್ಕದವಳಿಗೆ ಬಟ್ಟೆ ಬದಲಿಸುತ್ತಿದ್ದರು, ಒಂದು ಕೈ ಕಳಚಿ ನೆಲಕ್ಕಿಟ್ಟಿದ್ದರು. ನನ್ನ ಭುಜ ಜುಮ್ಮೆಂದಿತು. ಮಿಕ್ಕವರಿಗೆಲ್ಲ ಕತ್ತಿಗೆ ಸ್ಕಾರ್ಫು, ಕಾಲಿಗೆ ಬೂಟು. ಬರಿಗಣ್ಣಿಗೆ ಸಿಕ್ಕಿದ್ದು ಕೈಗಳು ಮಾತ್ರ. ಬಲಗೈ ಬೆರಳು ಅರ್ಧ ಮಡಚಿಕೊಂಡಿವೆ, ಕೈಚೀಲ ತೂಗುಹಾಕಲಿ ಎಂದು.

ಒಂದು ಅಂಗಡಿಯಲ್ಲಿ ಬೂದು ಬಣ್ಣದ ಉದ್ದ ಕೋಟು ತೊಡಿಸಿದ್ದರು. ಆಳವಾದ ಜೇಬು. ಬಾಗಿಲಲ್ಲಿ ನಿಂತ ಹುಡುಗಿ, "ಮೇಡಂ, ಒಳಗ್ ಬನ್ನಿ, ನಿಮಗೆ ಹೇಳಿ ಮಾಡ್ಸಿದ ಹಾಗಿರತ್ತೆ" ಎಂದಳು. ಹೇಳಿ ಮಾಡಿಸಿದ್ದೇ ಕಣೆ ತಾಯಿ ಎಂದುಕೊಂಡು ತೊಟ್ಟು ನೋಡಿದೆ. ಗುಂಡಿ ಹತ್ತಲಿಲ್ಲ. ಉಸಿರು ಬಿಗಿಹಿಡಿದರೂ ಹತ್ತಲಿಲ್ಲ. ಗಾಜಿನಲ್ಲಿರುವ ನನಗೆ ಸರಿಹೋಗಿದೆ, ನನಗೇ ಆಗುವುದಿಲ್ಲ. ಮೈಯೆಲ್ಲ ಉರಿದುಹೋಯಿತು.

ಮಾರ್ಚ್ ೧೫, ಶುಕ್ರವಾರ

ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, "ಅಚ್ಚು ನಿಮ್ಮ ಮೈಯಿಂದಲೇ ತೆಗೆದದ್ದು ಅನ್ನೋದಕ್ಕೆ ಏನಮ್ಮಾ ಆಧಾರ?" ಎಂದರು. ನಮ್ಮ ವಕೀಲರಮ್ಮ ಬಾಯಿ ತೆರೆಯುವ ಮೊದಲೇ ನಾನು, "ಅಳತೆ ತೆಗೆಸಿ ಸ್ವಾಮಿ" ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಜೂನ್ ತಿಂಗಳಲ್ಲಿ ಕೋರ್ಟಿನ ಕಮಿಷನರ್ ಬಂದು ನನ್ನನ್ನೂ ಅಚ್ಚನ್ನೂ ಅಳೆಯಬೇಕು. ತಾಳೆಯಾದರೆ ಅದು ನನ್ನದು, ಆಗದಿದ್ದರೆ ಕಾರ್ಖಾನೆಯ ಸಾಮಾನು. ಹಾಗೆಂದು ಆದೇಶ.

ಹೊರಗೆ ಬಂದ ಮೇಲೆ ವಕೀಲರಮ್ಮ ತಲೆ ಚಚ್ಚಿಕೊಂಡರು. "ಏನ್ರೀ ನೀವು, ಹದಿನೆಂಟು ವರ್ಷ ಆಗಿದೆ! ದಪ್ಪ ಸಣ್ಣ ಆಗೋದು ಹೋಗ್ಲಿ, ಎಲುಬು ಬದಲಾಗಲ್ಲ, ಅದ್ರ ಮೇಲೆ ವಾದ ಮಾಡ್ತೀನಿ. ಆದ್ರೂ ಸ್ವಲ್ಪ ಇಳಿದ್ರೆ ಒಳ್ಳೇದು."

ಇಳಿಯುತ್ತೇನೆ. ಅದೇನು ಮಹಾ ವಿದ್ಯೆ.

ಅವನು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ. ಸಂಸಾರ ಮಾಡುವಾಗ ಹಾಗೆ ನೋಡಿದವನಲ್ಲ. ಕೊನೆಕೊನೆಗೆ ಅವನ ಮಾತುಕತೆಯೆಲ್ಲ ಗೊಂಬೆಗಳ ಜೊತೆಯೇ. ಅಂಗಡಿಗೆ ಕಳಿಸುವಾಗ ಕಂಬಳಿ ಸುತ್ತುತ್ತಾ, "ಸ್ವಲ್ಪ ತಾಳು ಪುಟ್ಟಿ, ಈಗ ಮುಟ್ಟಿಬಿಡ್ತೀವಿ" ಎನ್ನುತ್ತಿದ್ದ. ನನಗೆ ಜ್ವರ ಬಂದು ಮಲಗಿದ್ದಾಗ ಬಾಗಿಲಲ್ಲಿ ನಿಂತು, "ತಲೆಗಳು ಆಗಿವೆಯಾ?" ಎಂದು ಕೇಳಿದ. ವಿಚ್ಛೇದನಕ್ಕೆ ಕಾರಣ ಬರೆಯಿರಿ ಎಂದಾಗ ಇದನ್ನು ಬರೆಯಲು ಹೋದೆ. ವಕೀಲರಮ್ಮ ಹೊಡೆದುಹಾಕಿದರು, ಇದು ಕಾರಣವಾಗುವುದಿಲ್ಲವಂತೆ.

ಏಪ್ರಿಲ್ ೨, ಮಂಗಳವಾರ

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಗೊಂಬೆ ಇದೆ ಎಂದು ಜ್ಞಾಪಕಕ್ಕೆ ಬಂತು. ಯಾವುದೋ ಅಂಗಡಿಯವರು ಬೆನ್ನಿನಲ್ಲಿ ಬಿರುಕಿದೆ ಎಂದು ವಾಪಸು ಮಾಡಿದ್ದು. ಅದು ಮನೆಯೊಳಗೆ ಇದ್ದುದರಿಂದ ಮುದ್ರೆ ಬಿದ್ದಿಲ್ಲ. ಎಳೆದು ತಂದು ಮುಂದಿನ ಕೋಣೆಯ ಕಿಟಕಿ ಪಕ್ಕ ನಿಲ್ಲಿಸಿದೆ. ತಲೆಯಿಲ್ಲ, ತಲೆಗಳೆಲ್ಲ ಶೆಡ್ಡಿನಲ್ಲಿವೆ.

ಸಂಜೆ ತಂಗಿ ಊಟದ ಡಬ್ಬಿ ಹಿಡಿದು ಒಳಗೆ ಬಂದವಳು ಹೌಹಾರಿದಳು. "ಅಯ್ಯೋ ಅಕ್ಕಾ! ಇದಕ್ಕೇನಾದ್ರೂ ಮುಚ್ಚು!"

"ನಾಚ್ಕೆ ಪಡೋಕೆ ಅದಕ್ಕೆ ಮುಖ ಎಲ್ಲಿದೆ?" ಎಂದೆ.

ಅವಳು ಮೇಜಿನ ಬಟ್ಟೆ ಹೊದಿಸಿ, ಅದಕ್ಕೆ ಬೆನ್ನು ಹಾಕಿ ಕೂತು ಉಂಡಳು. ಅವಳು ಹೋದ ಮೇಲೆ ಬಟ್ಟೆ ತೆಗೆದೆ. ಪಕ್ಕದಲ್ಲಿ ನಿಂತು ಅದರ ಹಾಗೇ ಎಡಗಾಲು ಮುಂದಿಟ್ಟೆ, ಬಲಗೈ ಮಡಚಿದೆ. ಸೊಂಟ ಎಲ್ಲಿ ತಿರುಗಿರಬೇಕು ಎಂಬುದು ಮೈಗೆ ಇನ್ನೂ ನೆನಪಿದೆ. ಅಳತೆಯ ದಿನ ನಿಲುವೂ ಸರಿಯಿರಬೇಕಲ್ಲ, ಅಭ್ಯಾಸ ಇರಲಿ.

ಏಪ್ರಿಲ್ ೧೦, ಬುಧವಾರ

ದಿನಾ ಬೆಳಿಗ್ಗೆ ನಿಲ್ಲುತ್ತಿದ್ದೇನೆ. ಮೊದಮೊದಲು ಮೀನಖಂಡ ಹಿಡಿಯುತ್ತಿತ್ತು, ಮೂಗು ತುರಿಸುತ್ತಿತ್ತು, ಯಾರಿಗಾದರೂ ಫೋನು ಮಾಡಬೇಕೆನಿಸುತ್ತಿತ್ತು. ಈಗ ಒಂದು ಹಂತ ದಾಟಿದರೆ ಆಮೇಲೆ ಸಲೀಸು. ಕೋರ್ಟಿನ ಯೋಚನೆ ಬರುವುದಿಲ್ಲ, ಅವನ ಮೇಲಿನ ಸಿಟ್ಟೂ ಬರುವುದಿಲ್ಲ. ಬೀದಿಯಲ್ಲಿ ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ಹೋಗುವುದು ಕಾಣುತ್ತದೆ.

ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. "ತಪ್ಪು ತಿಳ್ಕೋಬೇಡಿ, ಕಿಟಕೀಲಿ ಎರಡು ಗೊಂಬೆ ಇಟ್ಟಿದ್ದೀರಲ್ಲಾ, ನಮ್ಮ ಮಗು ಹೆದ್ರಿಕೊಳ್ಳತ್ತೆ. ಒಂದಾದ್ರೂ ಒಳಗಿಡಿ."

"ಆಯ್ತು" ಎಂದೆ. ಬಾಗಿಲು ಹಾಕಿಕೊಂಡು ಬಹಳ ಹೊತ್ತು ನಕ್ಕೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು ತಿಂಗಳುಗಳೇ ಆಗಿದ್ದವು.

ಏಪ್ರಿಲ್ ೧೮, ಗುರುವಾರ

ಹಸಿವಿಲ್ಲ. ಒಂದು ಹಣ್ಣು, ಒಂದು ಲೋಟ ನೀರು, ಸಾಕಾಗುತ್ತಿದೆ. ತಂಗಿ ತಂದದ್ದನ್ನು ಅವಳ ಎದುರಿಗೆ ತಟ್ಟೆಯಲ್ಲಿ ಆಡಿಸಿ, ಅವಳು ಹೋದ ಮೇಲೆ ಮುಚ್ಚಿಡುತ್ತೇನೆ.

ಹಳೆಯ ಅಂಗಿಗಳ ಕಾಲರ್ ಏಕೋ ಕೆಳಗೆ ಇಳಿದಂತಿದೆ. ಒಗೆದೂ ಒಗೆದೂ ಬಟ್ಟೆ ಸಡಿಲಾಗುತ್ತದೆ. ಮೊದಲು ಸ್ಕಾರ್ಫು ಒಂದು ಸುತ್ತಿಗೆ ಸಾಕಾಗುತ್ತಿತ್ತು, ಈಗ ಎರಡು ಸುತ್ತಿದರೂ ನಡುವೆ ಗಾಳಿ ಆಡುತ್ತದೆ.

ಪೇಟೆಗೆ ಹೋಗಿ ಬೂದು ಕೋಟು ಕೊಂಡೆ. ಗುಂಡಿ ಹತ್ತಿತು! ಅಂಗಡಿಯ ಹುಡುಗಿ ಒಂದೇ ಒಂದು ಮಾತೂ ಆಡಲಿಲ್ಲ, ಚಿಲ್ಲರೆಯನ್ನು ನನ್ನ ಕೈಗೆ ಕೊಡುವ ಬದಲು ಮೇಜಿನ ಮೇಲೆ ಇಟ್ಟಳು. ಮೊದಲು ಎಷ್ಟು ಲವಲವಿಕೆಯ ಹುಡುಗಿ. ಮನೆಯಲ್ಲಿ ಏನೋ ತಾಪತ್ರಯ ಇರಬೇಕು.

ಏಪ್ರಿಲ್ ೨೯, ಸೋಮವಾರ

ತಂಗಿಯ ಜೊತೆ ಜಗಳ. ನಾಡಿ ನೋಡುತ್ತೇನೆ ಎಂದು ಕೈ ಹಿಡಿದವಳು ಹಿಡಿದೇ ಇದ್ದಳು. ಒಮ್ಮೆ ಮಣಿಕಟ್ಟು, ಒಮ್ಮೆ ಕತ್ತು, ಮತ್ತೆ ಮಣಿಕಟ್ಟು.

"ಸಿಗ್ತಾ ಇಲ್ಲ ಅಕ್ಕಾ."

"ನಿಂಗೆ ಸರಿಯಾಗಿ ನೋಡೋಕೆ ಬರಲ್ಲ."

"ಇಪ್ಪತ್ತು ವರ್ಷದಿಂದ ಅದೇ ಕೆಲ್ಸ ಮಾಡ್ತಿದೀನಿ! ಕೈ ನೋಡು, ಎಷ್ಟು ತಣ್ಣಗಿದೆ. ನೀನು ಯಾಕೆ ತುದಿಗಾಲಲ್ಲಿ ನಡೀತೀಯ?"

"ಯಾರು ನಡೀತಾರೆ?"

ಅವಳು ನನ್ನ ಪಾದ ತೋರಿಸಿದಳು. ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ತಾಗಿಸಲು ನೋಡಿದೆ, ಮೀನಖಂಡ ಎಳೆಯಿತು. ನಿಂತು ನಿಂತು ನರ ಬಿಗಿದಿದೆ ಅಷ್ಟೇ ಎಂದೆ. ಅವಳು ಅಳುವುದಕ್ಕೆ ಶುರುಮಾಡಿದಳು. "ಆ ಅಚ್ಚು ಹಾಳಾಗ್ ಹೋಗ್ಲಿ, ಬಿಟ್ಬಿಡು. ನಮ್ಮನೇಗೆ ಬಾ." ಚಿಕ್ಕವಳಿದ್ದಾಗಲೂ ಹೀಗೇ, ಸಣ್ಣದಕ್ಕೆಲ್ಲ ಅಳು. ಅವಳನ್ನು ತಬ್ಬಿಕೊಳ್ಳಬೇಕು ಎನಿಸಿತು. ಕೈ ಮಡಚಿಯೇ ಇತ್ತು, ಬಿಡಿಸುವಷ್ಟರಲ್ಲಿ ಅವಳು ಎದ್ದುಹೋಗಿದ್ದಳು.

ಮೇ ೮, ಬುಧವಾರ

ಉಗುರು ಕತ್ತರಿಸಿಕೊಂಡೆ. ಎಡಗೈ ಕಿರುಬೆರಳಿನದು ಕತ್ತರಿಸುವ ಹಾಗೆ ಬೆಳೆದಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ನುಣ್ಣಗಿದೆ. ಒಂದು ಕೆಲಸ ಕಡಿಮೆಯಾಯಿತು.

ಮೇ ೨೦, ಸೋಮವಾರ

ಇವತ್ತು ಸಿವಿಲ್ ಕೋರ್ಟಿನಲ್ಲಿ ಅವನು ಬಾಂಬು ಹಾಕಿದ. ಪ್ರಮಾಣ ಮಾಡಿ ಬರೆದುಕೊಟ್ಟಿದ್ದಾನೆ: ಅಚ್ಚು ಮೊದಲು ಹೆಂಡತಿಯ ಮೈಯಿಂದ ತೆಗೆದದ್ದು ನಿಜ, ಆದರೆ ಅದನ್ನು ತಾನು ಬದಲಾಯಿಸಿದ್ದೇನೆ, ಈಗ ಅದು ಅವಳ ಮೈಯಲ್ಲ, ತನ್ನ ಕೈಕೆಲಸ. ಅಂಗಡಿಯವರು ಕೇಳಿದರೆಂದು ಕತ್ತನ್ನು ಎರಡು ಬೆರಳು ಉದ್ದ ಮಾಡಿದನಂತೆ. ಎತ್ತರದ ಚಪ್ಪಲಿ ತೊಡಿಸಲು ಅನುಕೂಲವಾಗಲೆಂದು ಹಿಮ್ಮಡಿ ಮೇಲೆತ್ತಿದನಂತೆ. ಎಡಗೈ ಕಿರುಬೆರಳು ಒಮ್ಮೆ ಮುರಿದು, ಹೊಸದಾಗಿ ಮಾಡುವಾಗ ಉಗುರು ಬಿಡಿಸಲು ಮರೆತನಂತೆ.

ಸುಳ್ಳು! ಹಸಿ ಸುಳ್ಳು! ಅಳತೆ ತಾಳೆಯಾಗಿಬಿಡುತ್ತದೆ ಎಂಬ ಭಯಕ್ಕೆ ಹೆಣೆದ ಕಥೆ. ನನ್ನನ್ನು ಕೆರೆದು, ತಿದ್ದಿ, ಎಳೆದು, ಹದಿನೆಂಟು ವರ್ಷದಲ್ಲಿ ಒಂದು ಮಾತು ನನಗೆ ಹೇಳದೆ ಇರುತ್ತಾನೆಯೇ? ಇದ್ದರೂ ಇರುತ್ತಾನೆ. ಆದರೂ ಸುಳ್ಳು.

ವಕೀಲರಮ್ಮನ ಮುಖ ಕಪ್ಪಿಟ್ಟಿತ್ತು. "ಎಲುಬಿನ ಮೇಲೆ ನಿಂತಿದ್ದ ವಾದ ಕಣ್ರೀ. ಕತ್ತು ಉದ್ದ ಮಾಡಿರೋದು ನಿಜ ಆದ್ರೆ ಅಳತೆ ದಿನಾನೇ ಸೋತ್ವಿ. ನೀವು ಏನು ಮಾಡಿದ್ರೂ ಕತ್ತು ಬೆಳೆಯಲ್ಲ."

ಎದುರಿಗೇ ಕೂತಿದ್ದರು, ಆದರೆ ಕಡತ ಬಿಟ್ಟು ಕಣ್ಣೆತ್ತಲಿಲ್ಲ. ಒಮ್ಮೆ ನೋಡಿದ್ದರೆ ನಾನು ಎಷ್ಟು ಇಳಿದಿದ್ದೇನೆ ಎಂದು ಧೈರ್ಯವಾದರೂ ಬರುತ್ತಿತ್ತು.

ಜೂನ್ ೩, ಸೋಮವಾರ

ನಿಂತಿದ್ದೆ. ಬೆಳಿಗ್ಗೆ ಶುರುಮಾಡಿದ್ದು, ಬಿಸಿಲು ಗೋಡೆ ಇಳಿದು ಹೋದಾಗ ಗೊತ್ತಾಯಿತು. ಫೋನು ಬಹಳ ಸಲ ಹೊಡೆದುಕೊಂಡಿತು. ತಂಗಿ ಇರಬೇಕು.

ರೆಪ್ಪೆ ಬಡಿಯುವುದು ಒಂದು ಅಭ್ಯಾಸವಷ್ಟೇ.

ಜೂನ್ ೧೨, ಬುಧವಾರ

ಗೆದ್ದೆ. ಕ್ರಮವಾಗಿ ಬರೆಯುತ್ತೇನೆ, ಕೈ ನಿಧಾನ.

ಶೆಡ್ಡಿನ ಮುದ್ರೆ ಒಡೆದರು. ಕಮಿಷನರ್ ಎಳೆಯ ವಕೀಲರು, ಟೈ ಸರಿಮಾಡಿಕೊಳ್ಳುತ್ತಲೇ ಇದ್ದರು. ಅಳೆಯಲು ದರ್ಜಿ ಹೆಂಗಸೊಬ್ಬರನ್ನು ಕರೆತಂದಿದ್ದರು. ಎರಡೂ ಕಡೆಯ ವಕೀಲರು, ತಂಗಿ, ಅವರು. ಧೂಳಿಗೆ ಎಲ್ಲರೂ ಕೆಮ್ಮಿದರು. ನನಗೆ ಕೆಮ್ಮು ಬರಲಿಲ್ಲ.

ಗೋಡೆಗೆ ಮೊದಲನೆಯವಳು ಒರಗಿದ್ದಳು, ಮುಂಭಾಗ ಒಂದು, ಹಿಂಭಾಗ ಒಂದು. ಒಳಗೆಲ್ಲ ಟೊಳ್ಳು. ದರ್ಜಿ ಹೆಂಗಸು ಮೊದಲು ಅಚ್ಚು ಅಳೆದು ಹೇಳಿದರು, ಕಮಿಷನರ್ ಬರೆದುಕೊಂಡರು. ಆಮೇಲೆ ನನ್ನನ್ನು. ಭುಜ, ಸರಿ. ತೋಳು, ಸರಿ. ಸೊಂಟ, ಸರಿ. ಟೇಪು ಕತ್ತಿಗೆ ಬಂತು. ದರ್ಜಿ ಹೆಂಗಸು ಅಳೆದು, ಮತ್ತೆ ಅಳೆದು, "ಸರಿಯಾಗಿದೆ ಸಾರ್" ಎಂದರು. ಹಿಮ್ಮಡಿ ನೆಲಕ್ಕೆ ತಾಗಿಲ್ಲ, ಸರಿ. ಕಿರುಬೆರಳಿಗೆ ಉಗುರಿಲ್ಲ, ಸರಿ.

ತಾನು ಬದಲಾಯಿಸಿದೆ ಎಂದು ಪ್ರಮಾಣ ಮಾಡಿದ ಜಾಗಗಳಲ್ಲೇ ತಾಳೆ! ಅಲ್ಲಿಗೆ ಅವರು ಹೇಳಿದ್ದು ಸುಳ್ಳೆಂದು ಸಾಬೀತಾಯಿತಲ್ಲ. ನಾನು ಆಗಲೇ ಹೇಳಿದ್ದೆ.

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಈ ಕತ್ತು ನಾನೇ ಜೋಡ್ಸಿದ್ದು" ಎಂದರು, ಯಾರಿಗೆ ಹೇಳಿದರೋ. "ನನ್ನ ಕೈಯಾರೆ ಜೋಡ್ಸಿದ್ದು." ಕಮಿಷನರ್ ಅದನ್ನು ಬರೆದುಕೊಳ್ಳಲಿಲ್ಲ. ದರ್ಜಿ ಹೆಂಗಸು ನಲ್ಲಿ ಎಲ್ಲಿದೆ ಎಂದು ಕೇಳಿ ಹೋಗಿ ಕೈ ತೊಳೆದು, ಟೇಪನ್ನೂ ತೊಳೆದರು.

ಕೊನೆಗೆ ಖಾತ್ರಿಗಾಗಿ ಅಚ್ಚಿನ ಹಿಂಭಾಗಕ್ಕೆ ಒರಗಿ ನಿಲ್ಲಿರಿ ಎಂದರು. ನಿಂತೆ. ತಣ್ಣಗಿತ್ತು. ಬೆನ್ನು, ತೋಳು, ಕಾಲು ಎಲ್ಲ ತಮ್ಮ ತಮ್ಮ ಜಾಗ ಹುಡುಕಿಕೊಂಡವು. ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನನ್ನು ಸಂಪೂರ್ಣವಾಗಿ ಹಿಡಿದುಕೊಂಡಂತಾಯಿತು. ತಂಗಿ ನನ್ನ ಹೆಸರು ಹಿಡಿದು ಕೂಗಿ ಕೂಗಿ ಕೈ ಹಿಡಿದು ಎಳೆದಳಂತೆ. ನನಗೆ ಕೇಳಿಸಿದ್ದು ಕೊನೆಯ ಸಲ ಕೂಗಿದ್ದು ಮಾತ್ರ.

ಜೂನ್ ೨೬, ಬುಧವಾರ

ಎರಡೂ ಆದೇಶ ಬಂದವು. ವಕೀಲರಮ್ಮ ಫೋನಿನಲ್ಲಿ ಓದಿ ಹೇಳಿದರು. ಈಗೀಗ ಕಚೇರಿಗೆ ಬನ್ನಿ ಎನ್ನುವುದಿಲ್ಲ, ಎಲ್ಲ ಫೋನಿನಲ್ಲೇ.

ಕೌಟುಂಬಿಕ ನ್ಯಾಯಾಲಯ: ವಿಚ್ಛೇದನ ಮಂಜೂರು, ಅಚ್ಚು ಹೆಂಡತಿಗೆ. ಸಿವಿಲ್ ಕೋರ್ಟು: ಆ ಅಚ್ಚಿನಿಂದ ಇದುವರೆಗೆ ಬಂದ ಗೊಂಬೆಗಳೆಲ್ಲ ಕಾರ್ಖಾನೆಯ ಸರಕು, ಎಲ್ಲಿ ಸಿಕ್ಕಿದರೂ ಗಂಡನ ವಶಕ್ಕೆ ಕೊಡಬೇಕು.

"ಒಂದಕ್ಕೊಂದು ಅಡ್ಡ ಬರಲ್ವಾ?" ಎಂದೆ.

"ಹೇಗ್ ಬರತ್ತೆ? ಅಚ್ಚು ನಿಮ್ದು, ಅಚ್ಚಿಂದ ಬಂದಿದ್ದು ಅವ್ರದ್ದು. ಕೋರ್ಟಿನ ಅಮೀನರು ಬಂದು ಅಚ್ಚು ಇಳಿಸಿ, ನಿಮ್ಮನೇಲಿರೋ ಗೊಂಬೆ ತಗೊಂಡ್ ಹೋಗ್ತಾರೆ. ಅಪೀಲಿಗೆ ಒಂದಷ್ಟು ದಿನ ಅವಕಾಶ ಇದೆ, ಆ ಕಡೆಯವ್ರು ಇನ್ನೊಂದು ಸಲ ಅಳೀರಿ ಅಂತ ಕೇಳಿದ್ರೂ ಕೇಳಬಹುದು. ಅಲ್ಲೀವರೆಗೆ ಈಗ ಹೇಗಿದ್ದೀರೋ ಹಾಗೇ ಇರಿ."

ಇರುತ್ತೇನೆ. ಇಷ್ಟು ಕಷ್ಟಪಟ್ಟು ಗೆದ್ದದ್ದನ್ನು ಒಂದು ತುತ್ತು ಅನ್ನಕ್ಕೆ, ಒಂದು ಆಕಳಿಕೆಗೆ ಕಳೆದುಕೊಳ್ಳುತ್ತೇನೆಯೇ?

ಜುಲೈ ೧, ಸೋಮವಾರ

ಅಮೀನರು ಬಂದರು. ಕೂಲಿಯವರು ಅಚ್ಚಿನ ಎರಡೂ ಭಾಗಗಳನ್ನು ಮುಂದಿನ ಕೋಣೆಗೆ ತಂದು ಗೋಡೆಗೆ ಒರಗಿಸಿದರು. ನಾನು ಬೂದು ಕೋಟು ತೊಟ್ಟು ಕಿಟಕಿ ಪಕ್ಕ, ತಲೆಯಿಲ್ಲದವಳ ಜೊತೆ ನಿಂತಿದ್ದೆ. ಡೈರಿ ಜೇಬಿನಲ್ಲಿತ್ತು.

"ಯಾರಿದ್ದೀರಮ್ಮಾ ಮನೇಲಿ?" ಅಮೀನರು ದಮ್ಮು ಹತ್ತಿದವರಂತೆ ಏದುಸಿರು ಬಿಡುತ್ತಿದ್ದರು. ಅಡುಗೆಮನೆ, ಮಲಗುವ ಕೋಣೆ ಎಲ್ಲ ಇಣುಕಿ ಬಂದರು. ಓ ಎನ್ನೋಣ ಎಂದುಕೊಂಡೆ. ಬಾಯಿ ತೆರೆದರೆ ದವಡೆ ಅಲುಗುತ್ತದೆ, ದವಡೆ ಅಲುಗಿದರೆ ಕತ್ತು. ಅಪೀಲಿನ ಅವಧಿ ಇನ್ನೂ ಮುಗಿದಿಲ್ಲ. ಸುಮ್ಮನಿದ್ದೆ.

"ಹೆಂಗಸು ಇಲ್ಲ. ಬರ್ಕೊಳ್ಳಪ್ಪಾ. ಗೊಂಬೆ, ಎರಡು. ಒಂದಕ್ಕೆ ತಲೆ ಇದೆ, ಒಂದಕ್ಕಿಲ್ಲ."

ಆಗ ಇವರು ಒಳಗೆ ಬಂದರು. ಗಡ್ಡ ಬಿಟ್ಟಿದ್ದಾರೆ, ಅಂಗಿ ಇಸ್ತ್ರಿಯಿಲ್ಲ. ಅಣ್ಣನ ಮನೆಯಲ್ಲಿ ಯಾರೂ ನೋಡಿಕೊಳ್ಳುವುದಿಲ್ಲವೇನೋ. ನನ್ನ ಎದುರು ನಿಂತರು. ಬಹಳ ಹೊತ್ತು ನಿಂತರು. ಕೋಟಿನ ಕಾಲರ್ ಸರಿಸಿ ಕತ್ತಿನ ಸುತ್ತ ಹೆಬ್ಬೆರಳು ಆಡಿಸಿದರು, ಜೋಡಣೆ ಹುಡುಕುವವರ ಹಾಗೆ. ಎಡಗೈ ಎತ್ತಿ ಕಿರುಬೆರಳು ನೋಡಿದರು.

"ನಿಮ್ದೇನಾ ಸಾರ್?" ಅಮೀನರು ಕೇಳಿದರು.

ಇವರು ಇಲ್ಲ ಎನ್ನಬಹುದಿತ್ತು. ನಾನು ಒಂದು ಸಲ ರೆಪ್ಪೆ ಬಡಿಯಬಹುದಿತ್ತು. ಇಬ್ಬರೂ ಕಾದೆವು.

"ಹೌದು. ನನ್ನ ಕೆಲ್ಸ."

ರುಜು ಹಾಕಿದರು. ಕೂಲಿಯವನು ನನ್ನ ಮಣಿಕಟ್ಟಿಗೆ ಚೀಟಿ ಕಟ್ಟಿದ. ಅಳು ಬಂತು ಎಂದು ಬರೆಯಬೇಕು. ಬರಲಿಲ್ಲ. ಬಂದದ್ದು ಹೆಮ್ಮೆ. ಅಷ್ಟೊಂದು ಗೊಂಬೆ ಕಂಡವರಿಗೂ ಒಂದು ಲೋಪ ಸಿಗಲಿಲ್ಲ.

ತಲೆಯಿಲ್ಲದವಳನ್ನು ಕೂಲಿಯವರು ಹೊತ್ತರು. ನನ್ನನ್ನು ಇವರೇ ಎತ್ತಿಕೊಂಡರು. ವ್ಯಾನಿನಲ್ಲಿ ಮಲಗಿಸಿ, ಕಂಬಳಿ ಸುತ್ತಿ, ಮುಖದ ಮೇಲೆ ಎಳೆಯುವ ಮುನ್ನ ಕಿವಿಯ ಹತ್ತಿರ ಬಗ್ಗಿದರು.

"ಸ್ವಲ್ಪ ತಾಳು ಪುಟ್ಟಿ, ಈಗ ಮುಟ್ಟಿಬಿಡ್ತೀವಿ."

ಹದಿನೆಂಟು ವರ್ಷ ಕಾದ ಮಾತು.

ಜುಲೈ, ಶನಿವಾರ ಇರಬೇಕು, ಜನ ಜಾಸ್ತಿ

ಮಡಚಿದ ಬೆರಳುಗಳ ನಡುವೆ ಪೆನ್ನು ಚೆನ್ನಾಗಿ ಕೂರುತ್ತದೆ. ಅಂಗಡಿ ತೆರೆಯುವ ಮೊದಲು, ಗುಡಿಸುವವರು ಆ ಕಡೆ ತಿರುಗಿದಾಗ, ಒಂದೊಂದು ಸಾಲು. ಚೀಟಿಯ ದಾರ ಕಾಗದಕ್ಕೆ ಉಜ್ಜುತ್ತದೆ.

ಇಲ್ಲಿಗೆ ಕಳಿಸುವ ಮುನ್ನ ಇವರು ನನಗೆ ಬಣ್ಣ ಹಾಕಿದರು. ಮುಖದ ಕೆಲಸ ಇವರಿಗೆ ಬರುವುದಿಲ್ಲ. ಎಡ ಹುಬ್ಬು ಮೇಲೆ ಹೋಗಿದೆ, ತುಟಿ ಅಂಚು ದಾಟಿದೆ, ಕಣ್ಣು ಬೇರೆ ಯಾರದೋ ಆಗಿದೆ. ನಾನು ಅಲ್ಲಿ ಇದ್ದಿದ್ದರೆ ಸರಿಮಾಡಿಕೊಡುತ್ತಿದ್ದೆ.

ನಿನ್ನೆ ತಂಗಿ ಬಂದಿದ್ದಳು. ಕೈಯಲ್ಲಿ ನನ್ನ ಫೋಟೋ ಇತ್ತು, ಬೀದಿಯ ಅಂಗಡಿಗಳಲ್ಲೆಲ್ಲ ತೋರಿಸಿ ಕೇಳುತ್ತಿದ್ದಳು. ಬೂದು ಕೋಟು ಕಂಡು ಗಾಜಿನ ಹತ್ತಿರ ಬಂದಳು. ಹಣೆ ಗಾಜಿಗೆ ತಾಗಿಸಿ ನನ್ನ ಮುಖವನ್ನೇ ನೋಡಿದಳು. ಅವಳ ಉಸಿರಿಗೆ ಗಾಜು ಮಂಜಾಯಿತು. ಒಳಗಿನಿಂದ ನಾನೂ ನೋಡಿದೆ, ಮಂಜಾಗಲಿಲ್ಲ. ಆಮೇಲೆ ಅವಳು ಅದೇ ಗಾಜಿನಲ್ಲಿ ನೋಡಿಕೊಂಡು ಕಣ್ಣೊರೆಸಿ, ಕೂದಲು ಸರಿಮಾಡಿಕೊಂಡು, ಪಕ್ಕದ ಅಂಗಡಿಗೆ ಹೋದಳು.

ಕೂಗೋಣವೆನಿಸಿತು. ಅಪೀಲಿನ ಅವಧಿ ಮುಗಿಯಲಿ. ಇನ್ನು ಸ್ವಲ್ಪ ಹೊತ್ತು.